ಎಣಿಸದೆ ಬಿಟ್ಟ ಕವಲುಗಳು

ಚೂಟಿ,

ಫೋನಿನಲ್ಲೇ ಹೇಳೋಣವೆಂದು ಮೂರು ಸಲ ಹೊರಟೆ. ಮೂರು ಸಲವೂ ‘ಊಟ ಆಯ್ತಾ?’ ಎಂದು ಕೇಳಿ ಇಟ್ಟುಬಿಟ್ಟೆ. ಅದಕ್ಕೇ ಈ ಕಾಗದ. ಬೇರೆ ಲ್ಯಾಬಿನವರು ಸಂಶೋಧನೆಗೆ ಬಾ ಎಂದು ತಾವಾಗಿ ಕರೆದರೂ ನೀನು ಅರ್ಜಿ ಹಾಕುವುದಿಲ್ಲ ಎಂದೆಯಂತೆ. ‘ನನ್ನ ಕಣ್ಣು ನಂಬೋ ಹಾಗಿಲ್ಲಮ್ಮ’ ಎಂದೆಯಂತೆ. ಹೋದ ವಾರ ಅಮ್ಮ ಹೇಳಿದಳು. ಶುಕ್ರವಾರ ಕೊನೆಯ ದಿನ. ಅಷ್ಟರೊಳಗೆ ಇದನ್ನು ನೀನು ಓದಬೇಕು.

ನಿನ್ನ ಕಣ್ಣಿಗೆ ಏನೂ ಆಗಿಲ್ಲ. ಹೊಟ್ಟೆಕಿಚ್ಚು ನನ್ನದು. ಅದು ಲ್ಯಾಬಿನಲ್ಲಿ ಹುಟ್ಟಿದ್ದೂ ಅಲ್ಲ. ಚಿಕ್ಕಂದಿನಲ್ಲಿ ಸೂಜಿಗೆ ದಾರ ಪೋಣಿಸಲು ಅಮ್ಮ ಪಕ್ಕದಲ್ಲೇ ಕೂತ ನನ್ನನ್ನು ಬಿಟ್ಟು ನಿನ್ನನ್ನು ಕೂಗಿ ಕರೆಯುತ್ತಿದ್ದಳು. ಆರು ವರ್ಷ ಚಿಕ್ಕವಳು ನೀನು! ‘ಚೂಟೀನ ನೋಡಿ ಕಲಿ’ ಎಂದು ದೊಡ್ಡ ಮಗಳಿಗೆ ಹೇಳಿದ ತಾಯಿ ಬೇರೊಬ್ಬಳು ಇರಲಿಕ್ಕಿಲ್ಲ. ಆದರೂ ನೀನು ಕೆಲಸವಿಲ್ಲದೆ ಕೂತಾಗ ನಮ್ಮ ಮೇಡಂ ಕೈಕಾಲು ಹಿಡಿದು ನಿನ್ನನ್ನು ಲ್ಯಾಬಿಗೆ ಸೇರಿಸಿದವಳು ನಾನೇ. ನನ್ನ ಕಾಲ ಮೇಲೆ ನಾನೇ ಕಲ್ಲು ಎತ್ತಿಹಾಕಿಕೊಂಡೆ.

ಆ ಹೊತ್ತಿಗೆ ಹನ್ನೊಂದು ವರ್ಷದಿಂದ ಅಲ್ಲಿ ಮೊಟ್ಟೆ ಕೊರೆಯುತ್ತಿದ್ದೆ. ಕಾವುಪೆಟ್ಟಿಗೆಯಿಂದ ತೆಗೆದ ಮೊಟ್ಟೆಯ ಚಿಪ್ಪಿನಲ್ಲಿ ಉಗುರಗಲದ ಕಿಂಡಿ ಮಾಡಿ, ಒಳಗಿನ ಪೊರೆಯ ಮೇಲೆ ಔಷಧಿಯಲ್ಲಿ ಅದ್ದಿದ ಕಾಗದದ ಚುಕ್ಕಿಯನ್ನಿಟ್ಟು, ಅದರ ಸುತ್ತ ಸಣ್ಣ ರಕ್ತನಾಳಗಳು ಹೇಗೆ ಬೆಳೆಯುತ್ತವೆಂದು ನೋಡುವ ಕೆಲಸ. ಇವತ್ತಿಗೂ ನಾನು ಕೊರೆದರೆ ಹತ್ತರಲ್ಲಿ ಎರಡು ಮೊಟ್ಟೆಯ ಪೊರೆ ಹರಿದು ರಕ್ತ ಜಿನುಗುತ್ತದೆ. ನೀನು ಬಂದ ಮೂರನೇ ವಾರಕ್ಕೇ ನಿನ್ನ ಕಿಂಡಿಗಳು ಬಳೆಯಿಟ್ಟು ಗೆರೆ ಎಳೆದಷ್ಟು ಗುಂಡಗೆ ಬರುತ್ತಿದ್ದವು. ಅದನ್ನೂ ಸಹಿಸಿಕೊಂಡೆ. ಒಂದು ಮಧ್ಯಾಹ್ನ ಮೇಡಂ ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಪಕ್ಕದಲ್ಲಿದ್ದ ನಿನ್ನನ್ನು ಕೇಳಿದರು: ‘ನಿಂಗೇನನ್ಸುತ್ತೆ?’ ಹನ್ನೊಂದು ವರ್ಷದಲ್ಲಿ ನನಗೇನನ್ನಿಸುತ್ತದೆ ಎಂದು ಆ ಲ್ಯಾಬಿನಲ್ಲಿ ಒಬ್ಬರೂ ಕೇಳಿರಲಿಲ್ಲ, ಚೂಟಿ. ಮೈಯೆಲ್ಲ ಉರಿದುಹೋಯಿತು.

ನಿನಗೆ ಅನ್ನಿಸಿದ್ದಾದರೂ ಸಣ್ಣದೇ? ಚುಕ್ಕಿಯಿಟ್ಟ ನಾಲ್ಕನೇ ದಿನ ಅದರ ಸುತ್ತ ನಾಳಗಳು ಕಡಿಮೆಯಾದರೆ ಅದು ಔಷಧಿಯ ಪ್ರಭಾವವೆಂದು ನಾವೆಲ್ಲ ನಂಬಿದ್ದೆವು. ನೀನು ಅವೇ ಮೊಟ್ಟೆಗಳನ್ನು ದಿನವೂ ನೋಡಿ, ಬರೀ ನೀರಿನಲ್ಲಿ ಅದ್ದಿದ ಚುಕ್ಕಿಯ ಸುತ್ತಲೂ ಹೀಗೇ ಆಗುತ್ತದೆ ಎಂದೆ. ‘ಮೊದ್ಲು ಬೇಕಾದ್ದಕ್ಕಿಂತ ಜಾಸ್ತೀನೇ ಚಿಗುರ್ತವೆ ಮೇಡಂ. ಯಾವುದ್ರಲ್ಲಿ ರಕ್ತ ಹರಿಯುತ್ತೋ ಅದು ದಪ್ಪ ಆಗುತ್ತೆ. ಹರೀದೇ ಇದ್ದಿದ್ದು ತಾನಾಗೇ ಮುಚ್ಚಿ ಹೋಗುತ್ತೆ.’ ಮೇಡಂ ಕನ್ನಡಕ ತೆಗೆದು ನಿನ್ನನ್ನೇ ನೋಡಿದರು. ನೀರಿನ ಚುಕ್ಕಿಯ ಸುತ್ತ ಎರಡನೇ ದಿನಕ್ಕಿಂತ ನಾಲ್ಕನೇ ದಿನ ಕವಲು ಕಡಿಮೆಯೆಂದು ಎಣಿಕೆಯಲ್ಲಿ ನಿಜವಾದರೆ ನಿನ್ನ ಹೆಸರಿನಲ್ಲೇ ಪ್ರಬಂಧ ಎಂದರು. ಎಣಿಸುವವಳು ನಾನು.

ಫೋಟೋ ತೆಗೆದವರು ಎಣಿಸುವಂತಿಲ್ಲ, ಎಣಿಸುವವರಿಗೆ ಯಾವ ಫೋಟೋ ಯಾವ ದಿನದ್ದೆಂದು ಗೊತ್ತಾಗುವಂತಿಲ್ಲ. ಅದಕ್ಕೇ ನೀನು ದಿನಾಂಕ ಮುಚ್ಚಿ, ಎಲ್ಲವನ್ನೂ ಕಲಸಿ ನನ್ನ ಕೈಗೆ ಕೊಟ್ಟೆ. ಆದರೆ ಕಾಗದದ ಚುಕ್ಕಿ ಎರಡನೇ ದಿನ ಬೆಳ್ಳಗಿರುತ್ತದೆ, ನಾಲ್ಕನೇ ದಿನಕ್ಕೆ ಹಳದಿಗೆ ತಿರುಗಿರುತ್ತದೆ. ಇದು ನಿನಗೆ ಹೊಳೆದಿರಲಿಲ್ಲ. ಅಷ್ಟು ವರ್ಷ ಅದನ್ನೇ ನೋಡಿದವಳಿಗೆ ಹೊಳೆಯದೆ ಇರುತ್ತದೆಯೇ? ಬೆಳ್ಳನೆಯ ಚುಕ್ಕಿ ಬಂದಾಗಲೆಲ್ಲ ಕೂದಲೆಳೆಯಂಥ ಕವಲುಗಳನ್ನು ಬಿಟ್ಟು ಎಣಿಸಿದೆ. ‘ಅನುಮಾನವಿದ್ದರೆ ಎಣಿಸಬೇಡಿ’ ಎಂದು ಗೋಡೆಯ ಮೇಲೇ ಅಂಟಿಸಿದ್ದಾರಲ್ಲ. ಕವಲು ಕಣ್ಣಿಗೆ ರಾಚುವಂತಿದ್ದರೂ ನಾನು ಅನುಮಾನಪಟ್ಟೆ. ನಿಯಮ ಪಾಲಿಸಿಕೊಂಡೇ ನಿನ್ನನ್ನು ಮುಗಿಸಿದೆ.

ಎರಡು ದಿನಗಳಿಗೂ ವ್ಯತ್ಯಾಸವೇ ಇಲ್ಲವೆಂದು ಬಂತು. ‘ನಮಗೆ ಬೇಕಾದ್ದೇ ಕಣ್ಣಿಗೆ ಕಾಣೋದು, ಹೋಗ್ಲಿ ಬಿಡು’ ಎಂದರು ಮೇಡಂ. ನೀನು ಅಳುತ್ತೀಯ, ಜಗಳ ತೆಗೆಯುತ್ತೀಯ ಎಂದುಕೊಂಡಿದ್ದೆ. ಕೈ ತೊಳೆಯುತ್ತ ನಿಂತವಳು, ‘ನೀನೇ ಎಣಿಸಿದ್ದು ಅಂದ್ಮೇಲೆ ತಪ್ಪಿರಲ್ಲ ಬಿಡಕ್ಕ’ ಎಂದೆ. ಒಳ್ಳೆಯತನದಲ್ಲೂ ನನಗಿಂತ ಮುಂದೆ! ಅದಕ್ಕೂ ಹೊಟ್ಟೆ ಉರಿಯಿತು ಎಂದರೆ ನಂಬುತ್ತೀಯಾ? ತಿಂಗಳೊಳಗೆ ನೀನು ಲ್ಯಾಬು ಬಿಟ್ಟು ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಸೇರಿಕೊಂಡೆ. ನನಗೆ ಹಾಯೆನಿಸಿತು. ಎರಡು ವರ್ಷ ಹಾಯಾಗಿಯೇ ಇದ್ದೆ.

ಅಮ್ಮನ ಮಾತು ಕೇಳಿದ ಮರುದಿನ ಆ ಫೋಟೋಗಳನ್ನು ಹೊರತೆಗೆದೆ. ಕಿಟಕಿಯ ಪಕ್ಕ ಕೂತು ಒಂದೂ ಬಿಡದೆ ಎಣಿಸಿದೆ. ಎರಡನೇ ದಿನ ಸರಾಸರಿ ನಲವತ್ತಾರು, ನಾಲ್ಕನೇ ದಿನ ಇಪ್ಪತ್ತೊಂಬತ್ತು. ಸುಳ್ಳೇಕೆ ಹೇಳಲಿ, ಆಗಲೂ ಸಂಕಟವಾಯಿತು. ಈ ನಾಳಗಳನ್ನು ನಿನಗಿಂತ ಹನ್ನೊಂದು ವರ್ಷ ಮೊದಲಿನಿಂದ ನೋಡುತ್ತಿದ್ದೆ. ನೀನು ಕಂಡದ್ದು ನನಗೇಕೆ ಕಾಣಲಿಲ್ಲ?

ಎಲ್ಲವನ್ನೂ ಬರೆದು, ಸಹಿ ಹಾಕಿ ಮೇಡಂ ಮುಂದಿಟ್ಟೆ. ಅವರು ಚುಕ್ಕಿಗಳನ್ನು ಮರೆಮಾಡಿಸಿ ಬೇರೆಯವರಿಂದ ಮತ್ತೊಮ್ಮೆ ಎಣಿಕೆ ಮಾಡಿಸಿದರು. ನಲವತ್ತೈದು, ಇಪ್ಪತ್ತೊಂಬತ್ತು. ‘ಇನ್ಮೇಲೆ ನೀವು ಎಣಿಸೋದು ಬೇಡ’ ಎಂದಷ್ಟೇ ಹೇಳಿದರು. ಮೊಟ್ಟೆ ಯಾರಾದರೂ ಕೊರೆದಾರು, ಅಲ್ಲಿ ನನ್ನದು ಎಂದಿದ್ದ ಕೆಲಸ ಅದೊಂದೇ. ಈಗ ಗಾಜಿನ ಸಾಮಾನು ತೊಳೆಯುತ್ತಿದ್ದೇನೆ. ನೀನು ಕಂಡದ್ದೇ ಸರಿಯೆಂದು ಅವರು ಬರೆದುಕೊಟ್ಟ ಪತ್ರ ಇದರ ಜೊತೆಗಿದೆ, ಅರ್ಜಿಗೆ ಲಗತ್ತಿಸು. ನಾಳೆ ಬೆಳಿಗ್ಗೆ ಇದನ್ನು ನಿನ್ನ ಆಸ್ಪತ್ರೆಯ ಬಾಗಿಲಲ್ಲಿ ಕೊಟ್ಟು ಹೊರಟುಬಿಡುತ್ತೇನೆ. ಮುಖ ತೋರಿಸಲಾರೆ.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಆ ಕ್ಷಣವೇ ಕ್ಷಮಿಸಿಬಿಡುತ್ತೀಯ, ನನಗದನ್ನು ತಡೆದುಕೊಳ್ಳಲಾಗದು. ದಮ್ಮಯ್ಯ, ಸ್ವಲ್ಪ ದಿನವಾದರೂ ನನ್ನ ಮೇಲೆ ಸಿಟ್ಟಾಗಿರು.

ನಿನ್ನ ಕೈ, ನಿನ್ನ ಕಣ್ಣು ಎರಡೂ ಚೆನ್ನಾಗಿರಲಿ. ಇಷ್ಟು ಹಾರೈಸಲು ನನಗೆ ಎರಡು ವರ್ಷ ಹಿಡಿಯಿತು.

ಇನ್ನೂ ಉರಿಯುತ್ತಲೇ ಇರುವ,
ನಿನ್ನ ಅಕ್ಕ