ರಾಣಿಯ ಎಡಗೈ

ಜನವರಿ ೧೯, ಭಾನುವಾರ

ಕಂಡಕ್ಟರನ ನಗು ಇನ್ನೂ ಕಿವಿಯಿಂದ ಹೋಗಿಲ್ಲ.

ಹಾಸನಕ್ಕೆ ಹೋಗಿ ಆ ರಾಣಿಯ ಸಿನಿಮಾ ನೋಡಿದೆ. ಟೀವಿಯಲ್ಲಿ ಅದು ಧಾರಾವಾಹಿಯಾಗಿದ್ದ ಮೂರು ವರ್ಷವೂ ಬಿಸಿಲೆ ಕಾಡಿನ ಶೂಟಿಂಗಿನಲ್ಲಿ ರಾಣಿಯ ಪಾತ್ರದ ನಟಿಯ ಬದಲು ಕತ್ತಿ ಹಿಡಿದು ಕಾದಾಡಿದವಳು ನಾನು. ನಾನು ಎಡಚಿ, ಹಾಗಾಗಿ ರಾಣಿಯೂ ಎಡಚಿಯಾದಳು. ಸಿನಿಮಾಕ್ಕೆ ನನ್ನನ್ನು ಕರೆಯಲಿಲ್ಲ. ಎಡಗೈಯನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಹೊಸ ನಟಿ ಎಡಗೈಯಲ್ಲಿ ಕತ್ತಿ ಎಳೆದಾಗ ಜನ ಎದ್ದು ನಿಂತು ಶಿಳ್ಳೆ ಹೊಡೆದರು. ಅವಳಿಗೆ ಮಣಿಕಟ್ಟು ತಿರುಗಿಸುವುದಕ್ಕೂ ಬರುವುದಿಲ್ಲ, ದರಿದ್ರ!

ವಾಪಸ್ ಬರುವಾಗ ಆಲೂರಿನ ಬಸ್ಸಿನಲ್ಲಿ ಎಂದಿನಂತೆ ಎಡಗೈಯಲ್ಲೇ ಆಧಾರ್ ಕಾರ್ಡ್ ತೋರಿಸಿದೆ. ಕಂಡಕ್ಟರ್ ನಕ್ಕ.

"ಏನಕ್ಕಾ, ನೀವೂ ಸಿನ್ಮಾ ನೋಡ್ಕಂಡ್ ಬಂದ್ರಾ? ಎಲ್ರಿಗೂ ಆ ರಾಣಿ ಥರ ಎಡಗೈ ಮುಂದ್ ಮಾಡೋ ಹುಚ್ಚು ಹಿಡ್ದೈತೆ!"

"ಹೂಂ ಕಣಣ್ಣಾ" ಅಂದೆ. ಟಿಕೆಟನ್ನು ಬಲಗೈಯಲ್ಲಿ ತೆಗೆದುಕೊಂಡೆ.