ಇನ್ನೂರು ಲೀಟರ್ ವಿನೆಗರ್

ಅಪ್ಪಾ,

ಅಕ್ಕನ ಮನೆಯಲ್ಲಿ ಚೆನ್ನಾಗಿ ನಿದ್ದೆ ಮಾಡುತ್ತಿದ್ದೀರಂತೆ, ಸಮಾಧಾನವಾಯಿತು. ಇನ್ನೊಂದು ಒಳ್ಳೆಯ ಸುದ್ದಿ: ಉಪ್ಪಿನಕಾಯಿ ಕಾರ್ಖಾನೆಯವರು ನಮ್ಮ ವಿನೆಗರ್ ಒಪ್ಪಿಕೊಂಡರು.

ಹುಳಿ ಹೆಚ್ಚಾಗಿ ಎರಡು ಸಲ ಸರಕು ವಾಪಸ್ ಬಂದಿತ್ತಲ್ಲ. ಮೂರನೆಯ ಸಲವೂ ಹಾಗಾದರೆ ಬೇರೆಯವರನ್ನು ಹಿಡಿಯುತ್ತೇವೆ ಎಂದಿದ್ದರು. ಅದಕ್ಕೇ ಈ ಸಲ ನಾನು ನಿಮ್ಮ ಹಾಗೆ ರುಚಿ ನೋಡಿ ಬೆರೆಸಲಿಲ್ಲ. ಹನ್ನೆರಡು ಪರ್ಸೆಂಟಿನ ಗಟ್ಟಿ ವಿನೆಗರ್ ಎಕ್ಸ್ ಲೀಟರ್, ನಾಲ್ಕು ಪರ್ಸೆಂಟಿನ ತೆಳು ವಿನೆಗರ್ ವೈ ಲೀಟರ್ ಎಂದಿಟ್ಟುಕೊಂಡೆ. ಎರಡೂ ಸೇರಿ ಇನ್ನೂರು ಲೀಟರ್ ಆಗಬೇಕು, ಹುಳಿ ಆರು ಪರ್ಸೆಂಟ್ ಇರಬೇಕು. ಎರಡು ಸಮೀಕರಣ ಬಿಡಿಸಿದಾಗ ಗಟ್ಟಿಯದು ಐವತ್ತು, ತೆಳುವಿನದು ನೂರೈವತ್ತು ಎಂದು ಬಂತು.

"ಅರ್ಧ ಅರ್ಧ ಸುರಿಯೋದು ಬಿಟ್ಟು ಇದೇನಮ್ಮಾ ಪರೀಕ್ಷೆ?" ಎಂದು ಪೀಪಾಯಿ ಹೊರುವವನು ನಕ್ಕ.

ನಿನ್ನೆ ಕಾರ್ಖಾನೆಯ ಮ್ಯಾನೇಜರ್ ಫೋನ್ ಮಾಡಿದರು. "ಸರಿಯಾಗಿ ಆರೇ ಇದೆ ಕಣಮ್ಮಾ! ನಿಮ್ಮಪ್ಪನ ನಾಲಿಗೆ ಸರಿಹೋಯ್ತಾ?"

"ಅಪ್ಪನ ಅಂಗಡಿ ಸರಿಯಾಗೇ ಇದೆ ಸಾರ್" ಎಂದೆ.

ಜ್ವರ ಬಿಟ್ಟ ಮೇಲೆ ನಿಮಗೆ ರುಚಿ ತಿಳಿಯುತ್ತಿಲ್ಲವೆಂದು ನನಗೆ ಗೊತ್ತು. ನಾನು ಅಡುಗೆಗೆ ಉಪ್ಪು ಮರೆತ ದಿನ ನೀವು ಮತ್ತೊಮ್ಮೆ ಬಡಿಸಿಕೊಂಡು ಉಂಡಿರಿ.

"ಎಕ್ಸು ವೈ ಗೀಚಿದ್ರೆ ಹೊಟ್ಟೆ ತುಂಬುತ್ತಾ?" ಎಂದು ನನ್ನನ್ನು ಕೇಳುತ್ತಿದ್ದಿರಲ್ಲ. ತುಂಬಿತು ಅಪ್ಪಾ. ಮುಂದಿನ ಆರ್ಡರ್ ಇದರ ಎರಡರಷ್ಟಿದೆ. ಬರುವಾಗ ಕನ್ನಡಕ ಮರೆಯದೆ ತನ್ನಿ. ಲೆಕ್ಕ ನಾನು ಕಲಿಸುತ್ತೇನೆ, ಬೆರೆಸುವ ಕೈ ನಿಮ್ಮದೇ ಆಗಬೇಕು.

ನಿಮ್ಮ ಕಿರಿಮಗಳು