ಲಗ್ನಕ್ಕೆ ಅಡ್ಡ ಬಂದ ಚುಕ್ಕಿ

ಅಫಜಲಪುರ, ೧೦ ನವೆಂಬರ್ ೧೯೪೨, ಮಂಗಳವಾರ. ನಸುಕು

ಕುಡುಗೋಲು ಇನ್ನೂ ಮೂರು ಬಾಕಿ. ಇದ್ದಿಲು ಹಸಿ, ಕುಲುಮೆ ತುಂಬ ಹೊಗೆ. ಕಣ್ಣೊರೆಸಿಕೊಳ್ಳಲು ಹೊರಗೆ ಬಂದೆ. ದಕ್ಷಿಣಕ್ಕೆ, ಅಗಸ್ತ್ಯ ನಕ್ಷತ್ರದ ಮೇಲೆ, ಎಡಕ್ಕೆ — ಒಂದು ಚುಕ್ಕಿ. ಮೊನ್ನೆ ಇರಲಿಲ್ಲ, ಖಾತ್ರಿ. ಹತ್ತು ವರ್ಷದಿಂದ ಇದೇ ಹೊತ್ತಿಗೆ ಇದೇ ಆಕಾಶ ನೋಡುತ್ತಿದ್ದೇನೆ. ನೋಡುತ್ತ ನಿಂತ ಖುಷಿಯಲ್ಲಿ ಕುಲುಮೆ ಆರಿಹೋಯಿತು.

೧೧, ಬುಧವಾರ

ಉರ್ದು ಶಾಲೆಯ ಯಾಕೂಬಸಾಬ ಮಾಸ್ತರರನ್ನು ಎಬ್ಬಿಸಿ ಕರೆತಂದೆ. ಕಂಬಳಿ ಹೊದ್ದೇ ಬಂದರು. ಚುಕ್ಕಿ ನಿನ್ನೆಗಿಂತ ಜೋರು, ಅಗಸ್ತ್ಯನಿಗೆ ತುಸುವೇ ಕಡಿಮೆ. ಕೈ ಚಾಚಿ, ಬೆರಳಲ್ಲಿ ಅಗಸ್ತ್ಯನಿಂದ ದೂರ ಅಳೆದರು.

"ಹೊಸಾದಲ್ಲಪ್ಪ ಧರ್ಮಣ್ಣ. ಭಾಳ ಹಳೇದು. ಮುದುಕ ಆದ ಮ್ಯಾಲ ಒಮ್ಮೆ ಭುಗ್ಗಂತ ಉರದದ."

ಆಮೇಲೆ ಲೆಕ್ಚರ್ ಶುರು. ಧೂಳು, ಅನಿಲ ಮುದ್ದೆಯಾಗಿ, ಒತ್ತಿ ಒತ್ತಿ ಕಾದು ಚುಕ್ಕಿ ಹುಟ್ಟುತ್ತದಂತೆ. ದೊಡ್ಡವು ದುಂದುಗಾರರು, ಬೇಗ ಉರಿದು ಮುಗಿಯುತ್ತವೆ. ಸಣ್ಣವು ಹಿಡಿತದಲ್ಲಿ ಉರಿದು ಬಹುಕಾಲ ಬಾಳುತ್ತವೆ. ಮುಪ್ಪಿನಲ್ಲಿ ಉಬ್ಬಿ ಕೆಂಪಾಗಿ, ಕೊನೆಗೆ ಕುಗ್ಗಿ ಬಿಳಿ ಕಾಳಾಗುತ್ತವೆ. ಕೆಂಪು ಚುಕ್ಕಿಯ ಕಾವು ಕಡಿಮೆ, ಹಳದಿಯದು ಹೆಚ್ಚು, ನೀಲಿ-ಬಿಳಿಯದು ಎಲ್ಲಕ್ಕೂ ಹೆಚ್ಚು ಎಂದರು. ಇದನ್ನು ನನಗೆ ಹೇಳಿಕೊಡಬೇಕೆ? ಕಬ್ಬಿಣವೂ ಹಾಗೇ.

೧೩, ಶುಕ್ರವಾರ

ಚೌಡಾಪುರಕ್ಕೆ ಕೊಟ್ಟ ಅಕ್ಕ ಸಾಬಮ್ಮ ಬಂದಿದ್ದಳು. ಕೆಟ್ಟ ಸುದ್ದಿ. ೨೬ಕ್ಕೆ ಗೊತ್ತಾದ ನನ್ನ ಲಗ್ನ ತೂಗಾಡುತ್ತಿದೆ. ಅಕ್ಕನ ಪಕ್ಕದ ಮನೆಯ ಕಾಶಿಬಾಯಿಯೇ ಹುಡುಗಿ. ಅವಳ ಅಜ್ಜಿ ನಿಂಬೆವ್ವ ಈ ಚುಕ್ಕಿ ಅಪಶಕುನ ಎಂದಿದ್ದಾಳೆ. ಅದು ಅಳಿಯದೆ ಅರಿಶಿಣ ಹಚ್ಚಕೂಡದಂತೆ. ಹುಣ್ಣಿಮೆಯೊಳಗೆ ಅಳಿಯದಿದ್ದರೆ ಮುಂದಿನ ವರ್ಷ.

ತಮಾಷೆ ಎಂದರೆ ನಿಂಬೆವ್ವನಿಗೆ ಕಣ್ಣಿಗೆ ಪೊರೆ, ಚಂದ್ರನೂ ಕಾಣುವುದಿಲ್ಲ. ನಸುಕಿನಲ್ಲಿ ಬೀಸಲು ಏಳುವ ಮೊಮ್ಮಗಳನ್ನೇ ದಿನಾ ಕೇಳುತ್ತಾಳೆ. ಕಾಶಿಬಾಯಿ ನೋಡಿ ಬಂದು, ಇದೆ ಅನ್ನುತ್ತಾಳೆ.

ಮಾಸ್ತರರ ಮಾತು ಹೇಳಿ ಕಳಿಸಿದೆ — ಅದು ಉರಿದದ್ದು ನೂರಾರು ವರ್ಷದ ಹಿಂದೆ. ಬೆಳಕು ಈಗ ಬಂದು ಮುಟ್ಟಿದೆ, ಅಷ್ಟೇ. ನಮ್ಮ ಲಗ್ನದ ಗೊಡವೆ ಅದಕ್ಕಿಲ್ಲ.

೧೫, ರವಿವಾರ

ನಿಂಬೆವ್ವನ ಜವಾಬು ಬಂತು. ನೂರಾರು ವರ್ಷ ನಡೆದು ಬಂದದ್ದು ಬರಿಗೈಯಲ್ಲಿ ಬಂದಿರುತ್ತದೆಯೇ? ಮಾಸ್ತರರು ನಕ್ಕು ನಕ್ಕು ಸುಸ್ತಾದರು.

ಚುಕ್ಕಿ ಕುಗ್ಗುತ್ತಿದೆ. ಬೇಗ ಆರಲಿ ಅನ್ನಿಸುತ್ತದೆ. ಆರದಿರಲಿ ಎಂದೂ ಅನ್ನಿಸುತ್ತದೆ. ಇಂಥದ್ದು ಈ ಜನ್ಮದಲ್ಲಿ ಇನ್ನೊಮ್ಮೆ ಕಂಡೀತೇ?

ಇನ್ನೊಂದು ಅಳುಕು. ಹೆಣ್ಣು ನೋಡಲು ಹೋದಾಗ ಕಾಶಿಬಾಯಿ ತಲೆಯೇ ಎತ್ತಲಿಲ್ಲ. ಹಿಂದೆ ಒಂದು ಸಂಬಂಧ ಬೇಡವೆಂದವಳು. ನನ್ನ ಮಸಿ ಮೈ, ಸುಟ್ಟ ಬೆರಳು... ಒಪ್ಪಿದಳೋ, ಹಿರಿಯರು ಒಪ್ಪಿಸಿದರೋ? ನಾನು ಬೇಡವಾಗಿದ್ದರೆ ಅವಳಿಗೆ ಸುಲಭ. ಹುಣ್ಣಿಮೆಯ ತನಕ ಇದೆ, ಇದೆ ಎನ್ನುತ್ತ ಹೋದರಾಯಿತು.

೧೯, ಗುರುವಾರ. ನಸುಕು

ಇದೆ. ಅಕ್ಕಪಕ್ಕದ ಚುಕ್ಕಿಗಳಿಗಿಂತ ಮಂಕು, ಆದರೆ ಜಾಗ ಗೊತ್ತಿದ್ದವರಿಗೆ ನಿಚ್ಚಳ. ಮಾಸ್ತರರೂ ಕಂಡರು. ಪೂರ್ತಿ ಸಾಯುವುದಿಲ್ಲವಂತೆ, ಮೊದಲಿನ ಮಂದ ಬೆಳಕಿಗೆ ಮರಳುತ್ತದಂತೆ. ಹುಣ್ಣಿಮೆಗೆ ಮೂರೇ ದಿನ. ಅಷ್ಟರಲ್ಲಿ ಆರುವ ಲಕ್ಷಣವಿಲ್ಲ. ಸುತ್ತಿಗೆ ಎತ್ತಲು ಮನಸ್ಸಿಲ್ಲ.

ಅದೇ ದಿನ, ಸಂಜೆ

ಅಕ್ಕ ಬಂದಳು. ಬಾಗಿಲಲ್ಲೇ ನಗು. ಇವತ್ತೂ ನಿಂಬೆವ್ವ ಕೇಳಿದಳಂತೆ. ಕಾಶಿಬಾಯಿ ಅಂಗಳಕ್ಕೆ ಹೋಗಿ, ಬಹಳ ಹೊತ್ತು ಮೇಲೆ ನೋಡುತ್ತ ನಿಂತು, ಒಳಗೆ ಬಂದು ಹೇಳಿದಳಂತೆ:

"ಇಲ್ಲ ಬೇ ಆಯಿ, ಅಳದು ಹೋಗ್ಯಾದ. ಅರಿಶಿಣ ಕುಟ್ಟಲೇನು?"

ಅಕ್ಕ ದನಿ ತಗ್ಗಿಸಿದಳು. "ನಾನೂ ನಮ್ಮ ಅಂಗಳದಾಗ ಇದ್ದೆ ತಮ್ಮಾ. ಚುಕ್ಕಿ ಇತ್ತು. ನಾ ಬಾಯಿ ಬಿಡಲಿಲ್ಲ."

ಇತ್ತು. ನಾನೂ ನೋಡಿದ್ದೇನೆ. ಅವಳಿಗೂ ಕಂಡಿದೆ. ಕಂಡೂ ಇಲ್ಲ ಅಂದಳು ಕಾಶಿಬಾಯಿ. ಇಷ್ಟು ಖುಷಿ ಎಲ್ಲಿ ಇಟ್ಟುಕೊಳ್ಳಲಿ, ತಿಳಿಯದು. ನಾಳೆ ನಸುಕಿನಲ್ಲಿ ಅದು ಮತ್ತೆ ಅಲ್ಲೇ ಇರುತ್ತದೆ. ಇರಲಿ. ಯಾರಾದರೂ ಕೇಳಿದರೆ ನಾನೂ ಇಲ್ಲ ಅಂತಲೇ ಹೇಳುತ್ತೇನೆ.